ದೇಹವ್ಯಾಧಿಯೂ ಜೀವನತೃಪ್ತಿಯೂ: ಮಾನಸಿಕ ಅಂಶಗಳ ವಿಚಾರ

೧. ಪ್ರಶ್ನೆಯ ಸ್ವರೂಪ

ದೇಹದಲ್ಲಿ ವ್ಯಾಧಿ ನೆಲೆಸಿರುವಾಗ ಮನಸ್ಸಿಗೆ ನೆಮ್ಮದಿಯಿರುವುದು ಕಷ್ಟವೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ವ್ಯಾಧಿ ಎಷ್ಟು ತೀವ್ರವೋ ಬಾಳಿನ ಅತೃಪ್ತಿಯೂ ಅಷ್ಟೇ ತೀವ್ರವಾಗಿರಬೇಕೆಂದು ಇಷ್ಟರಿಂದಲೇ ಹೇಳಬಹುದೆ? ವೈದ್ಯರು ರಕ್ತವನ್ನು ಪರೀಕ್ಷಿಸಿ, ಎಕ್ಸ್‌ರೇ ಚಿತ್ರವನ್ನು ನೋಡಿ, ಕೀಲು ಎಷ್ಟು ಬಾಗುತ್ತದೆಂಬುದನ್ನು ಅಳೆದು ರೋಗದ ತೀವ್ರತೆಯನ್ನು ನಿರ್ಧರಿಸುತ್ತಾರೆ. ಅದೇ ರೋಗಿ ತನ್ನ ಬಾಳನ್ನು ಒಟ್ಟಾಗಿ ಅವಲೋಕಿಸಿ, ಅದು ತನಗೆ ಒಪ್ಪಿಗೆಯಾಗಿದೆಯೆ ಇಲ್ಲವೆ ಎಂದು ತನ್ನೊಳಗೆ ಒಂದು ತೀರ್ಪನ್ನು ಮಾಡಿಕೊಂಡಿರುತ್ತಾನೆ. ಮೊದಲನೆಯದು ದೇಹದ ಅಳತೆ. ಎರಡನೆಯದು ಮನಸ್ಸಿನ ತೀರ್ಪು. ಎರಡನೆಯದು ಮೊದಲನೆಯದನ್ನು ನೆರಳಿನಂತೆ ಹಿಂಬಾಲಿಸುವುದೆಂದು ಸಾಮಾನ್ಯವಾಗಿ ಜನರು ಭಾವಿಸುತ್ತಾರೆ. ಕಳೆದ ಐದಾರು ದಶಕಗಳ ಸಂಶೋಧನೆ ಈ ಭಾವನೆಯನ್ನು ಸಮರ್ಥಿಸಿಲ್ಲ. ಹಾಗೆಂದು ಇವೆರಡಕ್ಕೂ ಸಂಬಂಧವೇ ಇಲ್ಲವೆಂದೂ ಅದು ಹೇಳಿಲ್ಲ. ಇವುಗಳ ನಡುವೆ ಮನಸ್ಸು ಮಾಡುವ ಕೆಲಸವೇನು, ಮನಸ್ಸಿನ ಆಚೆಗಿರುವ ಕಾರಣಗಳಾವುವು ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ರೋಗಿಗಳ ಪರವಾಗಿ ಅನೇಕ ನಿರ್ಣಯಗಳನ್ನು ಕೈಗೊಳ್ಳುವವರು ಆರೋಗ್ಯವಂತರು. ಚಿಕಿತ್ಸೆಯನ್ನು ಮುಂದುವರಿಸಬೇಕೆ ಬೇಡವೆ ಎಂದು ಯೋಚಿಸುವ ವೈದ್ಯರು, ರೋಗದ ಹೆಸರನ್ನು ರೋಗಿಗೆ ತಿಳಿಸುವುದೋ ಬಿಡುವುದೋ ಎಂದು ತಮ್ಮತಮ್ಮಲ್ಲೇ ಆಲೋಚಿಸುವ ಬಂಧುಗಳು, ಯಾವ ಕಾಯಿಲೆಗೆ ಎಷ್ಟು ಹಣವನ್ನು ಮೀಸಲಿಡಬೇಕೆಂದು ಲೆಕ್ಕಹಾಕುವ ಅಧಿಕಾರಿಗಳು, ಇವರೆಲ್ಲರೂ ರೋಗಿಯ ಬಾಳು ಒಳಗಿನಿಂದ ಹೇಗಿರಬಹುದೆಂದು ಊಹಿಸಿಯೇ ಮುಂದುವರಿಯುತ್ತಾರೆ. ಊಹೆ ತಪ್ಪಿದರೆ ನಿರ್ಣಯವೂ ತಪ್ಪುತ್ತದೆ. ಈ ಊಹೆ ಎರಡು ಬಗೆಯಾಗಿ ತಪ್ಪಬಹುದು. ‘ಇಂಥ ಸ್ಥಿತಿಯಲ್ಲಿ ಬದುಕಿದ್ದೇನು ಫಲ’ ಎಂದು ತೀರ್ಮಾನಿಸುವುದು ಒಂದು ತಪ್ಪು. ‘ಎಲ್ಲವೂ ಮನಸ್ಸಿನಲ್ಲಿದೆ, ಧೈರ್ಯ ತಂದುಕೊಂಡರೆ ಸಾಕು’ ಎಂದು ಹೊಣೆಯನ್ನೆಲ್ಲ ರೋಗಿಯ ಮೇಲೆ ಹೊರಿಸುವುದು ಇನ್ನೊಂದು ತಪ್ಪು. ಎರಡಕ್ಕೂ ಆಧಾರವಿಲ್ಲವೆಂಬುದು ಮುಂದಿನ ವಿವೇಚನೆಯಿಂದ ವಿದಿತವಾಗುವುದು.

೨. ಅಳೆಯುವ ಬಗೆ

ತೃಪ್ತಿಯಂಥ ಒಳಗಿನ ವಸ್ತುವನ್ನು ಅಳೆಯುವುದು ಹೇಗೆಂಬ ಸಂದೇಹ ವಿದ್ಯಾರ್ಥಿಗಳಿಗೆ ಬರುವುದು ಸಹಜ. ೧೯೬೫ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹ್ಯಾಡ್ಲಿ ಕ್ಯಾಂಟ್ರಿಲ್ ಅವರು ಒಂದು ಸುಲಭೋಪಾಯವನ್ನು ಬಳಸಿದರು. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಗಳಿರುವ ಏಣಿಯ ಚಿತ್ರವನ್ನು ತೋರಿಸಿ, ನೀವು ಕಲ್ಪಿಸಿಕೊಳ್ಳಬಲ್ಲ ಅತ್ಯುತ್ತಮ ಬಾಳು ಮೇಲಿನ ಮೆಟ್ಟಿಲಿನಲ್ಲಿಯೂ ಅತ್ಯಂತ ಕೆಟ್ಟ ಬಾಳು ಕೆಳಗಿನ ಮೆಟ್ಟಿಲಿನಲ್ಲಿಯೂ ಇದ್ದರೆ ಈಗ ನೀವು ನಿಂತಿರುವುದು ಎಲ್ಲಿ ಎಂದು ಕೇಳುವುದು ಆ ಉಪಾಯ. ಅವರ ವಿಚಾರಣೆ ನಡೆದ ದೇಶಗಳಲ್ಲಿ ಭಾರತವೂ ಒಂದು. ೧೯೮೫ರಲ್ಲಿ ಎಡ್ ಡೀನರ್ ಮತ್ತು ಅವರ ಸಂಗಡಿಗರು ರಚಿಸಿದ ಜೀವನತೃಪ್ತಿಯ ಮಾಪನದಲ್ಲಿ ಐದು ಹೇಳಿಕೆಗಳಿವೆ. ಒಂದೊಂದಕ್ಕೂ ಒಂದರಿಂದ ಏಳರವರೆಗೆ ಅಂಕ. ಒಟ್ಟು ಮೊತ್ತ ೫ರಿಂದ ೩೫ರವರೆಗೆ ಇರಬಹುದು. ೨೦ ಎಂಬುದು ತೃಪ್ತಿಯೂ ಅಲ್ಲದ ಅತೃಪ್ತಿಯೂ ಅಲ್ಲದ ನಡುವಿನ ಬಿಂದು.

ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಮೊದಲನೆಯದಾಗಿ, ತೃಪ್ತಿಯೆಂಬುದು ಆ ಹೊತ್ತಿನ ಚಿತ್ತವೃತ್ತಿಯಲ್ಲ. ಬೆಳಗ್ಗೆ ಉಲ್ಲಾಸ, ಸಂಜೆ ಬೇಸರ, ಇವು ಬಂದು ಹೋಗುವ ಭಾವಗಳು. ತೃಪ್ತಿಯಾದರೋ ಬಾಳನ್ನು ಒಟ್ಟಾಗಿ ತೂಗಿ ನೋಡಿದ ಮೇಲೆ ಹುಟ್ಟುವ ತೀರ್ಪು. ಎರಡನೆಯದಾಗಿ, ತೃಪ್ತಿ ಬೇರೆ, ಜೀವನದ ಗುಣಮಟ್ಟವೆಂಬ ವ್ಯಾಪಕ ಕಲ್ಪನೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ೨೬ ಪ್ರಶ್ನೆಗಳ ಸಂಕ್ಷಿಪ್ತ ಪ್ರಶ್ನಾವಳಿಯು ದೇಹ, ಮನಸ್ಸು, ಸಾಮಾಜಿಕ ಸಂಬಂಧ, ಪರಿಸರ ಎಂಬ ನಾಲ್ಕು ಕ್ಷೇತ್ರಗಳನ್ನು ಒಳಗೊಂಡಿದೆ. ನೋವು, ನಿದ್ರೆ, ಓಡಾಟ ಇವುಗಳ ಪ್ರಶ್ನೆಗಳು ಅದರೊಳಗೇ ಸೇರಿರುವುದರಿಂದ, ಅಂಥ ಪ್ರಶ್ನಾವಳಿಯಲ್ಲಿ ರೋಗಿಗಳಿಗೆ ಕಡಿಮೆ ಅಂಕ ಬಂದರೆ ಅದು ಭಾಗಶಃ ರೋಗವನ್ನೇ ಎರಡನೆಯ ಸಾರಿ ಅಳೆದಂತೆ. ವ್ಯಾಧಿಯು ಬಾಳಿನ ತೃಪ್ತಿಯನ್ನು ಎಷ್ಟು ಬಾಧಿಸುತ್ತದೆಂದು ತಿಳಿಯಬೇಕಾದರೆ ದೇಹದ ಮಾತನ್ನೆತ್ತದ ಅಳತೆಗೋಲೇ ಬೇಕಾಗುತ್ತದೆ.

೩. ಒಳಗಿನವರ ನೋಟ, ಹೊರಗಿನವರ ನೋಟ

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಉಲ್ಲೇಖಗೊಂಡಿರುವುದು ಫಿಲಿಪ್ ಬ್ರಿಕ್‌ಮನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ೧೯೭೮ರಲ್ಲಿ ಪ್ರಕಟಿಸಿದ ಅಧ್ಯಯನ. ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲಿ ಲಾಟರಿಯ ದೊಡ್ಡ ಬಹುಮಾನ ಪಡೆದ ೨೨ ಜನ, ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಅವಯವಗಳ ಸ್ವಾಧೀನವನ್ನು ಕಳೆದುಕೊಂಡ ೨೯ ಜನ, ಹೋಲಿಕೆಗಾಗಿ ಬೇರೆ ೨೨ ಜನ, ಹೀಗೆ ಮೂರು ಗುಂಪುಗಳನ್ನು ಅವರು ವಿಚಾರಿಸಿದರು. ಸೊನ್ನೆಯಿಂದ ಐದರವರೆಗಿನ ಮಾಪನದಲ್ಲಿ ಸದ್ಯದ ಸುಖವನ್ನು ಬಹುಮಾನಿತರು ಸರಾಸರಿ ೪.೦೦ ಎಂದೂ, ಹೋಲಿಕೆಯ ಗುಂಪಿನವರು ೩.೮೨ ಎಂದೂ, ಗಾಯಾಳುಗಳು ೨.೯೬ ಎಂದೂ ಸೂಚಿಸಿದರು.

ಈ ಅಂಕಗಳನ್ನು ಅನೇಕರು ತಪ್ಪಾಗಿ ಅರ್ಥಮಾಡಿದ್ದಾರೆ. ಕೈಕಾಲು ಸ್ವಾಧೀನ ತಪ್ಪಿದವರೂ ಇತರರಷ್ಟೇ ಸುಖಿಗಳೆಂದು ಪಠ್ಯಪುಸ್ತಕಗಳಲ್ಲಿಯೂ ಬರೆದದ್ದುಂಟು. ಅಂಕಗಳು ಹಾಗೆ ಹೇಳುವುದಿಲ್ಲ. ಗಾಯಾಳುಗಳ ಸುಖ ಸ್ಪಷ್ಟವಾಗಿಯೇ ಕಡಿಮೆಯಿತ್ತು. ಗಮನಾರ್ಹವಾದ ಸಂಗತಿಯೆಂದರೆ ಅದು ಮಾಪನದ ಮಧ್ಯಬಿಂದುವಾದ ೨.೫ಕ್ಕಿಂತ ಕೆಳಗಿಳಿದಿರಲಿಲ್ಲ, ಮುಂದಿನ ಬಾಳನ್ನು ಕುರಿತು ಅವರ ನಿರೀಕ್ಷೆಯು ಉಳಿದವರ ನಿರೀಕ್ಷೆಗಿಂತ ಕಡಿಮೆಯಾಗಿರಲಿಲ್ಲ ಎಂಬುದು. ಕಳೆದುಹೋದ ದಿನಗಳಿಗೆ ಮಾತ್ರ ಅವರು ೪.೪೧ ಎಂಬ ಅತಿ ಹೆಚ್ಚಿನ ಅಂಕವನ್ನು ಕೊಟ್ಟಿದ್ದರು. ಇದ್ದಾಗ ಸಾಧಾರಣವೆನಿಸಿದ ಬಾಳು ಕೈತಪ್ಪಿದ ಮೇಲೆ ಹೊಳಪುಗೊಂಡು ಕಾಣುತ್ತದೆ. ಆ ಹೊಳಪಿನೆದುರು ವರ್ತಮಾನ ಇನ್ನಷ್ಟು ಮಂಕಾಗುತ್ತದೆ.

ಇನ್ನು ಇದೇ ಗಾಯವನ್ನು ಹೊರಗಿನವರು ಹೇಗೆ ಕಾಣುತ್ತಾರೆಂಬುದನ್ನು ನೋಡಬೇಕು. ೧೯೯೪ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ತುರ್ತುಚಿಕಿತ್ಸೆಯ ವೈದ್ಯರು, ದಾದಿಯರು ಮುಂತಾದವರನ್ನು, ನಿಮಗೇ ಬೆನ್ನುಹುರಿಯ ತೀವ್ರ ಗಾಯವಾದರೆ ಬದುಕಿ ಉಳಿದುದಕ್ಕೆ ಸಂತೋಷಪಡುವಿರಾ ಎಂದು ಕೇಳಲಾಯಿತು. ಹೌದೆಂದವರು ನೂರಕ್ಕೆ ೧೮ ಮಂದಿ. ಅಂಥ ಗಾಯವನ್ನು ನಿಜವಾಗಿ ಅನುಭವಿಸುತ್ತಿದ್ದವರಲ್ಲಿ ಬದುಕಿರುವುದು ಸಂತೋಷವೆಂದವರು ನೂರಕ್ಕೆ ೯೨ ಮಂದಿ. ಪ್ರಾಣವುಳಿಸುವ ಕೆಲಸದಲ್ಲಿರುವವರ ಊಹೆಗೂ, ಆ ಪ್ರಾಣವನ್ನು ಹೊತ್ತಿರುವವರ ಅನುಭವಕ್ಕೂ ಇಷ್ಟು ಅಂತರ.

ಈ ಅಂತರಕ್ಕೆ ಒಂದು ಕಾರಣವನ್ನು ಬಿಯಾಟ್ರಿಸ್ ರೈಟ್ ಅವರು ೧೯೬೦ರಷ್ಟು ಹಿಂದೆಯೇ ಸೂಚಿಸಿದ್ದರು. ಹೊರಗಿನವರು ಅಂಗವೈಕಲ್ಯವನ್ನೇ ನೋಡುತ್ತಾರೆ. ಒಳಗಿನವರು ತಮ್ಮ ಇಡೀ ಬಾಳನ್ನು ನೋಡುತ್ತಾರೆ. ಹೊರಗಿನವರ ಕಲ್ಪನೆಯಲ್ಲಿ ರೋಗಿಯು ಇಪ್ಪತ್ತನಾಲ್ಕು ಗಂಟೆಯೂ ರೋಗಿಯೇ. ನಿಜವಾದ ರೋಗಿಗಾದರೋ ಮಗಳ ಮದುವೆಯ ಮಾತುಕತೆಯಿದೆ, ನೆರೆಯವರ ಹರಟೆಯಿದೆ, ಬಿಸಿಯಾದ ಕಾಫಿಯಿದೆ. ಅಲ್ಲದೆ, ದುಃಖದಲ್ಲಿರಬೇಕಾದವನು ದುಃಖಿಯಾಗಿಯೇ ಇರಲಿ ಎಂಬ ಒಂದು ಒತ್ತಾಯವೂ ಸಮಾಜದಲ್ಲಿ ಅಡಗಿರುತ್ತದೆಂದು ರೈಟ್ ಹೇಳಿದರು. ನಗುತ್ತಿರುವ ರೋಗಿಯನ್ನು ಕಂಡರೆ ನಮಗೆ ಆ ನಗೆಯಲ್ಲಿ ನಂಬಿಕೆ ಬರುವುದಿಲ್ಲ.

೪. ಹೊಂದಿಕೆಯ ಮಿತಿ

ಮೂತ್ರಪಿಂಡಗಳು ಕೆಟ್ಟು ನಿಂತವರಿಗೆ ಯಂತ್ರದ ಮೂಲಕ ರಕ್ತವನ್ನು ಶುದ್ಧಿಮಾಡುವ ಡಯಾಲಿಸಿಸ್ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಾರಿ, ಪ್ರತಿಸಾರಿ ಸುಮಾರು ನಾಲ್ಕು ಗಂಟೆ ನಡೆಯುತ್ತದೆ. ಕುಡಿಯುವ ನೀರಿಗೂ ಮಿತಿ, ತಿನ್ನುವ ಹಣ್ಣಿಗೂ ಮಿತಿ. ಇಂಥವರ ಬಾಳು ಸದಾ ಖಿನ್ನವಾಗಿರಬೇಕೆಂದು ನಾವು ಊಹಿಸುವುದು ಸ್ವಾಭಾವಿಕ. ಜೇಸನ್ ರೀಸ್, ಪೀಟರ್ ಯೂಬೆಲ್ ಮೊದಲಾದವರು ೨೦೦೫ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ೪೯ ಡಯಾಲಿಸಿಸ್ ರೋಗಿಗಳಿಗೂ ಅವರನ್ನು ಇತರ ವಿಷಯಗಳಲ್ಲಿ ಹೋಲುವ ೪೯ ಆರೋಗ್ಯವಂತರಿಗೂ ಒಂದೊಂದು ಕಿರುಯಂತ್ರವನ್ನು ಕೊಟ್ಟರು. ಒಂದು ವಾರದ ಕಾಲ ಅದು ಅನಿರೀಕ್ಷಿತ ಸಮಯಗಳಲ್ಲಿ ಸದ್ದುಮಾಡಿದಾಗಲೆಲ್ಲ ಆ ಕ್ಷಣದ ಮನಃಸ್ಥಿತಿಯನ್ನು ಅವರು ಗುರುತುಹಾಕಬೇಕಾಗಿತ್ತು. ಎರಡು ಗುಂಪುಗಳ ಮನಃಸ್ಥಿತಿಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಆದರೆ ಡಯಾಲಿಸಿಸ್‌ಗೆ ಒಳಗಾದರೆ ತಮ್ಮ ಮನಃಸ್ಥಿತಿ ಬಹಳ ಕೆಡುವುದೆಂದು ಆರೋಗ್ಯವಂತರು ಊಹಿಸಿದ್ದರು. ರೋಗಿಗಳೂ ತಾವು ಕಾಯಿಲೆ ಬೀಳದಿದ್ದರೆ ಆರೋಗ್ಯವಂತರು ವಾಸ್ತವದಲ್ಲಿರುವುದಕ್ಕಿಂತ ಹೆಚ್ಚು ಸುಖವಾಗಿರುತ್ತಿದ್ದೆವೆಂದು ಭಾವಿಸಿದ್ದರು.

ಇಷ್ಟನ್ನೇ ನೋಡಿ ಮನುಷ್ಯನು ಎಂಥ ವ್ಯಾಧಿಗೂ ಪೂರ್ಣವಾಗಿ ಒಗ್ಗಿಕೊಳ್ಳುವನೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಜರ್ಮನಿ ಮತ್ತು ಬ್ರಿಟನ್ ದೇಶಗಳಲ್ಲಿ ಒಂದೇ ಜನರನ್ನು ವರ್ಷ ವರ್ಷವೂ ವಿಚಾರಿಸುತ್ತ ಬಂದ ದೊಡ್ಡ ಸಮೀಕ್ಷೆಗಳನ್ನು ರಿಚರ್ಡ್ ಲ್ಯೂಕಸ್ ಪರಿಶೀಲಿಸಿ ೨೦೦೭ರಲ್ಲಿ ವರದಿಮಾಡಿದರು. ದೀರ್ಘಕಾಲದ ಅಂಗವೈಕಲ್ಯ ಪ್ರಾಪ್ತವಾದವರ ಜೀವನತೃಪ್ತಿ ಗಣನೀಯವಾಗಿ ಇಳಿಯಿತು; ಅನಂತರದ ವರ್ಷಗಳಲ್ಲಿ ಅದು ಸರಾಸರಿಯಾಗಿ ಹೆಚ್ಚೇನೂ ಮೇಲೇಳಲಿಲ್ಲ; ವೈಕಲ್ಯ ತೀವ್ರವಾದಷ್ಟೂ ಇಳಿತವೂ ಹೆಚ್ಚು.

ಈ ಎರಡು ಫಲಿತಾಂಶಗಳು ಒಂದನ್ನೊಂದು ವಿರೋಧಿಸುವಂತೆ ತೋರಿದರೂ ಅವುಗಳನ್ನು ಸಮನ್ವಯಗೊಳಿಸುವುದು ಅಸಾಧ್ಯವಲ್ಲ. ರೀಸ್ ಮತ್ತು ಸಂಗಡಿಗರು ಅಳೆದದ್ದು ಕ್ಷಣಕ್ಷಣದ ಮನಃಸ್ಥಿತಿ. ಲ್ಯೂಕಸ್ ನೋಡಿದ್ದು ಒಟ್ಟು ಬಾಳಿನ ತೀರ್ಪು. ಕ್ಷಣದ ಮನಸ್ಸು ಎದುರಿಗಿರುವ ಕೆಲಸದಲ್ಲಿ, ಮಾತಿನಲ್ಲಿ ಮುಳುಗಿ ವ್ಯಾಧಿಯನ್ನು ಮರೆಯಬಲ್ಲದು. ತೀರ್ಪು ಹೇಳಲು ಕುಳಿತ ಮನಸ್ಸು ಕಳೆದುಕೊಂಡ ಉದ್ಯೋಗವನ್ನೂ ಕೈಗೂಡದೆ ಹೋದ ಆಸೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಆದಕಾರಣ ನಾವು ಹೇಳಬಹುದಾದದ್ದು ಇಷ್ಟು: ಹೊಂದಿಕೆ ನಿಜ, ಅದು ಹೊರಗಿನವರ ಊಹೆಗಿಂತ ದೊಡ್ಡದು; ಆದರೆ ಅದು ಪೂರ್ಣವಲ್ಲ, ಎಲ್ಲರಿಗೂ ಸಮವಾಗಿ ದೊರೆಯತಕ್ಕದ್ದೂ ಅಲ್ಲ. ಯಾರಿಗೆ ಹೆಚ್ಚು, ಯಾರಿಗೆ ಕಡಿಮೆ, ಏಕೆ ಎಂಬುದೇ ಮುಂದಿನ ಪ್ರಶ್ನೆ.

೫. ಅರ್ಥಕಲ್ಪನೆಯ ಕಾರ್ಯ

ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಮೈಕೆಲ್ ಬರಿ ಅವರು ಸಂಧಿವಾತಕ್ಕೆ ತುತ್ತಾದ ೩೦ ರೋಗಿಗಳೊಡನೆ ಮಾತನಾಡಿ ೧೯೮೨ರಲ್ಲಿ ಒಂದು ಮುಖ್ಯ ವಿಚಾರವನ್ನು ಮುಂದಿಟ್ಟರು. ದೀರ್ಘವ್ಯಾಧಿಯು ದೇಹದ ಕೀಲನ್ನು ಮಾತ್ರವಲ್ಲ, ಮನುಷ್ಯನು ತನ್ನ ವಿಷಯದಲ್ಲಿ ಕಟ್ಟಿಕೊಂಡಿರುವ ಬಾಳಿನ ಕಥೆಯನ್ನೇ ಮುರಿಯುತ್ತದೆಂಬುದು ಆ ವಿಚಾರ. ಮೂವತ್ತೈದರ ವಯಸ್ಸಿನಲ್ಲಿ ಮುದುಕರ ಕಾಯಿಲೆ ಬಂದಾಗ, ಮುಂದೆ ಹೀಗೆ ನಡೆಯುವುದು ಎಂಬ ಲೆಕ್ಕಾಚಾರಗಳೆಲ್ಲ ತಲೆಕೆಳಗಾಗುತ್ತವೆ. ಮುರಿದ ಕಥೆಯನ್ನು ಮತ್ತೆ ಜೋಡಿಸಿಕೊಳ್ಳುವುದು ಔಷಧದಿಂದ ಆಗುವ ಕೆಲಸವಲ್ಲ.

ಈ ಜೋಡಣೆ ಹೇಗೆ ನಡೆಯುತ್ತದೆಂಬುದನ್ನು ಶೆಲ್ಲಿ ಟೇಲರ್ ೧೯೮೩ರಲ್ಲಿ ವಿವರಿಸಿದರು. ಸ್ತನದ ಕ್ಯಾನ್ಸರಿಗೆ ಒಳಗಾದ ೭೮ ಮಹಿಳೆಯರನ್ನು ವಿಚಾರಿಸಿದಾಗ ಮೂರು ಪ್ರಯತ್ನಗಳು ಅವರಿಗೆ ಗೋಚರಿಸಿದವು: ಈ ಅನುಭವಕ್ಕೆ ಒಂದು ಅರ್ಥವನ್ನು ಹುಡುಕುವುದು, ರೋಗದ ಮೇಲೆಯೂ ಬಾಳಿನ ಮೇಲೆಯೂ ತನ್ನ ಹಿಡಿತವನ್ನು ಮರಳಿ ಸಾಧಿಸುವುದು, ಕುಗ್ಗಿದ ಆತ್ಮಗೌರವವನ್ನು ಎತ್ತಿ ನಿಲ್ಲಿಸುವುದು. ಮೂರನೆಯದಕ್ಕೆ ಹೋಲಿಕೆ ದೊಡ್ಡ ಸಾಧನ. ತಮಗಿಂತ ಹೆಚ್ಚು ಕಷ್ಟದಲ್ಲಿರುವವರನ್ನು ಕಂಡು, ಅಂಥವರು ಕಾಣದಿದ್ದರೆ ಮನಸ್ಸಿನಲ್ಲಿ ಕಲ್ಪಿಸಿಕೊಂಡು, ‘ನನ್ನ ಪಾಡು ಅಷ್ಟು ಕೆಟ್ಟದ್ದಲ್ಲ’ ಎಂದು ಅವರು ಸಮಾಧಾನ ಹೊಂದುತ್ತಿದ್ದರು.

ರಿಚರ್ಡ್ ಲಜಾರಸ್ ಮತ್ತು ಸೂಸನ್ ಫೋಕ್‌ಮನ್ ಅವರ ೧೯೮೪ರ ಸಿದ್ಧಾಂತವೂ ಇದೇ ದಿಕ್ಕಿನದು. ಘಟನೆಗಿಂತ ಘಟನೆಯನ್ನು ನಾವು ತೂಗುವ ಬಗೆ ನಮ್ಮ ಕ್ಲೇಶವನ್ನು ನಿರ್ಣಯಿಸುತ್ತದೆ. ಬದಲಿಸಬಹುದಾದದ್ದನ್ನು ಬದಲಿಸಲು ಯತ್ನಿಸುವುದೂ ಬದಲಿಸಲಾಗದ್ದರ ಮುಂದೆ ಮನಸ್ಸನ್ನು ಸಂಭಾಳಿಸುವುದೂ ಎರಡು ಬೇರೆ ಮಾರ್ಗಗಳು. ಯಾವುದು ಯೋಗ್ಯವೆಂಬುದು ಸಂದರ್ಭವನ್ನು ಅವಲಂಬಿಸಿದೆ. ಮಧುಮೇಹಿಯು ಆಹಾರದ ಮಿತಿಯನ್ನು ಪಾಲಿಸದೆ ಮನಸ್ಸನ್ನು ಮಾತ್ರ ಸಮಾಧಾನಪಡಿಸಿಕೊಂಡರೆ ಅಪಾಯ. ಕಳೆದುಹೋದ ಕಾಲಿಗಾಗಿ ಪ್ರತಿದಿನ ಹೋರಾಡುವವನಿಗೆ ಆಯಾಸವಲ್ಲದೆ ಬೇರೆ ಫಲವಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ರೋಗಿಯು ‘ತೃಪ್ತಿಯಿದೆ’ ಎಂದಾಗ ಅವನ ಸ್ಥಿತಿ ಸುಧಾರಿಸಿದೆಯೋ, ಇಲ್ಲವೆ ಅವನ ಅಳತೆಗೋಲೇ ಕುಗ್ಗಿದೆಯೋ? ಮಿರ್ಜಮ್ ಸ್ಪ್ರಾಂಗರ್ಸ್ ಮತ್ತು ಕ್ಯಾರೊಲಿನ್ ಶ್ವಾರ್ಟ್ಸ್ ೧೯೯೯ರಲ್ಲಿ ಇದನ್ನು ಮೂರಾಗಿ ವಿಂಗಡಿಸಿದರು. ಒಳಗಿನ ಮಾನದಂಡ ಬದಲಾಗಬಹುದು. ಯಾವುದು ಮುಖ್ಯ, ಯಾವುದು ಅಮುಖ್ಯ ಎಂಬ ಮೌಲ್ಯಗಳ ಕ್ರಮ ಬದಲಾಗಬಹುದು. ಒಳ್ಳೆಯ ಬಾಳೆಂದರೇನು ಎಂಬ ಕಲ್ಪನೆಯೇ ಬದಲಾಗಬಹುದು. ಮೊದಲನೆಯದು ಅಳತೆಯ ತೊಡಕು. ಉಳಿದೆರಡು ನಿಜವಾದ ಪರಿವರ್ತನೆಗಳು. ಸಂಗೀತ ಕಛೇರಿಗೆ ಹೋಗಲಾರದವನು ಮನೆಯಲ್ಲಿ ಮೊಮ್ಮಗಳಿಗೆ ಸರಳೆ ವರಸೆ ಹೇಳಿಕೊಡುವುದರಲ್ಲಿ ಸಾರ್ಥಕ್ಯವನ್ನು ಕಂಡರೆ ಅದನ್ನು ಆತ್ಮವಂಚನೆಯೆಂದು ಕರೆಯಲು ನಮಗೆ ಅಧಿಕಾರವಿಲ್ಲ.

೬. ಸ್ವಸಾಮರ್ಥ್ಯದ ನಂಬಿಕೆ ಮತ್ತು ಆಶೆ

ಒಂದು ಕಾರ್ಯವನ್ನು ತಾನು ಮಾಡಬಲ್ಲೆನೆಂಬ ನಂಬಿಕೆಗೆ ಆಲ್ಬರ್ಟ್ ಬಂಡೂರ ಅವರು ೧೯೭೭ರಲ್ಲಿ ಶಾಸ್ತ್ರೀಯ ಸ್ಥಾನವನ್ನು ಕೊಟ್ಟರು. ಅದರ ಪ್ರಯೋಜನವು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೊರಿಗ್ ಅವರು ಕೀಲುನೋವಿನ ರೋಗಿಗಳಿಗಾಗಿ ನಡೆಸಿದ ಸ್ವಯಂನಿರ್ವಹಣೆಯ ತರಗತಿಗಳಲ್ಲಿ ಚೆನ್ನಾಗಿ ವ್ಯಕ್ತವಾಯಿತು. ವಾರಕ್ಕೊಂದರಂತೆ ಆರು ತರಗತಿಗಳು. ಬೋಧಿಸುವವರು ವೈದ್ಯರಲ್ಲ, ಸಾಮಾನ್ಯ ಜನರು. ನಾಲ್ಕು ವರ್ಷಗಳ ತರುವಾಯ ಪರಿಶೀಲಿಸಿದ ಫಲಿತಾಂಶ ೧೯೯೩ರಲ್ಲಿ ಪ್ರಕಟವಾಯಿತು. ರೋಗಿಗಳು ಹೇಳಿಕೊಂಡ ನೋವು ಸರಾಸರಿ ನೂರಕ್ಕೆ ೨೦ರಷ್ಟೂ ವೈದ್ಯರ ಭೇಟಿಗಳು ನೂರಕ್ಕೆ ೪೦ರಷ್ಟೂ ಕಡಿಮೆಯಾಗಿದ್ದವು. ಅದೇ ಅವಧಿಯಲ್ಲಿ ದೇಹದ ಅಶಕ್ತತೆ ನೂರಕ್ಕೆ ೯ರಷ್ಟು ಹೆಚ್ಚಿತ್ತು. ವ್ಯಾಧಿ ಮುಂದುವರಿದಿದ್ದರೂ ನೋವು ತಗ್ಗಿತ್ತು. ಈ ಲಾಭವು ಕಲಿತ ವ್ಯಾಯಾಮಗಳಿಗಿಂತಲೂ ‘ಇದನ್ನು ನಾನು ನಿಭಾಯಿಸಬಲ್ಲೆ’ ಎಂಬ ನಂಬಿಕೆಯ ಜೊತೆಗೇ ಹೆಚ್ಚಾಗಿ ಹೊಂದಿಕೊಂಡಿತ್ತೆಂಬುದು ಅದೇ ತಂಡದ ಹಿಂದಿನ ಪರಿಶೀಲನೆಗಳಿಂದ ತಿಳಿದುಬಂದಿತ್ತು.

ಆಶೆಯ ವಿಚಾರ ಇಷ್ಟು ಸರಳವಲ್ಲ. ಕರುಳಿನ ಶಸ್ತ್ರಚಿಕಿತ್ಸೆಯಾದ ಕೆಲವರಿಗೆ ಹೊಟ್ಟೆಯ ಮೇಲೆ ದ್ವಾರವನ್ನು ಮಾಡಿ ಮಲವು ಚೀಲಕ್ಕೆ ಬರುವಂತೆ ಏರ್ಪಡಿಸುತ್ತಾರೆ. ಕೆಲವರಲ್ಲಿ ಇದು ಶಾಶ್ವತ. ಕೆಲವರಲ್ಲಿ ಮುಂದೆ ಮುಚ್ಚಬಹುದಾದ ತಾತ್ಕಾಲಿಕ ಏರ್ಪಾಡು. ತಾತ್ಕಾಲಿಕವಾಗಿರುವವರೇ ಹೆಚ್ಚು ನೆಮ್ಮದಿಯಿಂದಿರಬೇಕೆಂದು ಯಾರಾದರೂ ಹೇಳಿಯಾರು. ಡಿಲನ್ ಸ್ಮಿತ್, ಯೂಬೆಲ್ ಮೊದಲಾದವರು ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊದಲ ಆರು ತಿಂಗಳಲ್ಲಿ ಜೀವನತೃಪ್ತಿ ಏರಿದ್ದು ಶಾಶ್ವತ ಏರ್ಪಾಡಿನವರಲ್ಲಿ. ತಾತ್ಕಾಲಿಕದವರಲ್ಲಿ ಅದು ಏರಲಿಲ್ಲ. ಇಂದೋ ನಾಳೆಯೋ ಹಳೆಯ ಬಾಳು ಮರಳುವುದೆಂದು ಕಾದು ಕುಳಿತವನು ಹೊಸ ಬಾಳನ್ನು ಕಟ್ಟಲು ಕೈಹಾಕುವುದಿಲ್ಲ. ಇದರಿಂದ ಆಶೆಯೇ ಕೆಟ್ಟದ್ದೆಂದು ಹೇಳಿದಂತಾಗಲಿಲ್ಲ. ಯಾವುದರ ಆಶೆ ಎಂಬುದು ಮುಖ್ಯ. ‘ಮೊದಲಿನಂತಾಗುತ್ತೇನೆ’ ಎಂಬುದು ಒಂದು ಆಶೆ. ‘ಇರುವುದರಲ್ಲಿ ಇಷ್ಟನ್ನು ಸಾಧಿಸುತ್ತೇನೆ’ ಎಂಬುದು ಇನ್ನೊಂದು. ಸುಳ್ಳು ಭರವಸೆಯನ್ನು ಕೊಟ್ಟು ರೋಗಿಯನ್ನು ಸಂತೋಷಪಡಿಸಲು ನೋಡುವ ಬಂಧುಗಳು ಮೊದಲನೆಯದನ್ನು ಪೋಷಿಸಿ ಎರಡನೆಯದನ್ನು ತಡೆಯುತ್ತಾರೆ.

೭. ಖಿನ್ನತೆ

ಮೇಲೆ ಹೇಳಿದ ಹೊಂದಿಕೆ ಅನೇಕರಿಗೆ ಒದಗದಿರಲು ಒಂದು ಪ್ರಬಲ ಕಾರಣ ಖಿನ್ನತೆ. ದುಃಖವು ಕಾಯಿಲೆಗೆ ಸಹಜವಾದ ಪ್ರತಿಕ್ರಿಯೆ. ಖಿನ್ನತೆಯಾದರೋ ತಾನೇ ಒಂದು ಕಾಯಿಲೆ, ಚಿಕಿತ್ಸೆಗೆ ಬಗ್ಗುವ ಕಾಯಿಲೆ. ‘ಇಂಥ ರೋಗ ಬಂದಮೇಲೆ ಖಿನ್ನನಾಗದಿರುವುದುಂಟೆ’ ಎಂಬ ಮಾತು ಅದನ್ನು ಮರೆಮಾಡುತ್ತದೆ. ಗುರುತಿಸುವುದರಲ್ಲಿಯೂ ತೊಡಕಿದೆ. ಆಯಾಸ, ನಿದ್ರಾಹೀನತೆ, ಹಸಿವಿಲ್ಲದಿರುವುದು, ತೂಕ ಕಡಿಮೆಯಾಗುವುದು, ಇವು ಖಿನ್ನತೆಯ ಲಕ್ಷಣಗಳೂ ಹೌದು, ಅನೇಕ ದೇಹವ್ಯಾಧಿಗಳ ಲಕ್ಷಣಗಳೂ ಹೌದು. ಈ ಕಾರಣದಿಂದಲೇ ಝಿಗ್ಮಂಡ್ ಮತ್ತು ಸ್ನೇಥ್ ೧೯೮೩ರಲ್ಲಿ ಆಸ್ಪತ್ರೆಯ ರೋಗಿಗಳಿಗಾಗಿ ರಚಿಸಿದ ೧೪ ಪ್ರಶ್ನೆಗಳ ಮಾಪನದಲ್ಲಿ ದೇಹದ ಲಕ್ಷಣಗಳನ್ನು ಬಿಟ್ಟು, ಏಳು ಪ್ರಶ್ನೆಗಳನ್ನು ಆತಂಕಕ್ಕೂ ಏಳನ್ನು ಖಿನ್ನತೆಗೂ ಮೀಸಲಿಟ್ಟರು. ಹಿಂದೆ ಸಂತೋಷ ಕೊಡುತ್ತಿದ್ದ ಸಂಗತಿಗಳು ಈಗಲೂ ಸಂತೋಷ ಕೊಡುತ್ತವೆಯೆ ಎಂಬ ಬಗೆಯ ವಿಚಾರಣೆ ಅದರ ತಿರುಳು.

ಖಿನ್ನತೆಯ ಪರಿಣಾಮ ಮನಸ್ಸಿಗೇ ಮುಗಿಯುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ರಾಬಿನ್ ಡಿಮ್ಯಾಟಿಯೊ ಮತ್ತು ಸಂಗಡಿಗರು ೨೦೦೦ದಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ, ಖಿನ್ನರಾದ ರೋಗಿಗಳು ವೈದ್ಯರ ಸಲಹೆಯನ್ನು ಪಾಲಿಸದಿರುವ ಸಂಭವ ಇತರರಿಗಿಂತ ಮೂರುಪಟ್ಟು. ಔಷಧ ತಪ್ಪಿದರೆ ವ್ಯಾಧಿ ಉಲ್ಬಣಿಸುತ್ತದೆ. ವ್ಯಾಧಿ ಉಲ್ಬಣಿಸಿದರೆ ಖಿನ್ನತೆ ಹೆಚ್ಚುತ್ತದೆ. ವಿದ್ಯಾರ್ಥಿಗಳು ಇಲ್ಲಿ ಒಂದು ಎಚ್ಚರಿಕೆಯನ್ನೂ ನೆನಪಿಡಬೇಕು. ಖಿನ್ನ ಮನಸ್ಸು ನೋವನ್ನೂ ಹೆಚ್ಚೆಂದು ಹೇಳುತ್ತದೆ, ತೃಪ್ತಿಯನ್ನೂ ಕಡಿಮೆಯೆಂದು ಹೇಳುತ್ತದೆ. ಆದ್ದರಿಂದ ರೋಗಿಯೇ ಹೇಳಿದ ನೋವಿಗೂ ರೋಗಿಯೇ ಹೇಳಿದ ತೃಪ್ತಿಗೂ ಸಹಸಂಬಂಧ ಕಂಡೊಡನೆ ಒಂದು ಇನ್ನೊಂದಕ್ಕೆ ಕಾರಣವೆಂದು ಬರೆಯತಕ್ಕದ್ದಲ್ಲ.

೮. ಮನಸ್ಸಿನ ಆಚೆಗೆ

ಇಷ್ಟೆಲ್ಲವನ್ನೂ ಓದಿದವರಿಗೆ ತೃಪ್ತಿಯು ಪೂರ್ತಿಯಾಗಿ ಮನಸ್ಸಿನ ವ್ಯಾಪಾರವೆಂದು ತೋರಬಹುದು. ಹಾಗೆ ತೋರಿದರೆ ಅದು ಮೊದಲು ಹೇಳಿದ ಎರಡನೆಯ ತಪ್ಪು. ಅಮೆರಿಕದಲ್ಲಿ ವಯಸ್ಸಾದವರನ್ನು ದೀರ್ಘಕಾಲ ಅನುಸರಿಸಿದ ಒಂದು ಸಮೀಕ್ಷೆಯ ಅಂಕಗಳನ್ನು ಸ್ಮಿತ್, ಯೂಬೆಲ್ ಮತ್ತು ಸಂಗಡಿಗರು ೨೦೦೫ರಲ್ಲಿ ಪರಿಶೀಲಿಸಿದರು. ಹೊಸದಾಗಿ ಅಂಗವೈಕಲ್ಯ ಪ್ರಾಪ್ತವಾದಾಗ, ಆಸ್ತಿಯಲ್ಲಿ ಮಧ್ಯಮಾಂಕಕ್ಕಿಂತ ಮೇಲಿದ್ದವರ ನೆಮ್ಮದಿ ಕಡಿಮೆ ಇಳಿಯಿತು. ಕೆಳಗಿದ್ದವರದು ಹೆಚ್ಚು ಇಳಿಯಿತು. ಧೈರ್ಯಕ್ಕೂ ಬಂಡವಾಳ ಬೇಕಾಗುತ್ತದೆ.

ನಮ್ಮ ದೇಶದಲ್ಲಿ ಈ ಮಾತಿಗೆ ಹೆಚ್ಚಿನ ನಿದರ್ಶನ ಬೇಕಿಲ್ಲ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಡಯಾಲಿಸಿಸ್ ಒದಗಿಸುವ ಕೇಂದ್ರಸರ್ಕಾರದ ಯೋಜನೆ ೨೦೧೬ರಲ್ಲಿ ಆರಂಭವಾಯಿತು. ಚಿಕಿತ್ಸೆ ಉಚಿತವಾದರೂ ಹಳ್ಳಿಯಿಂದ ಜಿಲ್ಲಾಕೇಂದ್ರಕ್ಕೆ ಬಸ್ಸಿನ ಖರ್ಚು, ರೋಗಿಯದೂ ಜೊತೆಗೆ ಬರುವವರದೂ ತಪ್ಪಿಹೋದ ದಿನಗೂಲಿ, ಇವು ಉಳಿದೇ ಉಳಿಯುತ್ತವೆ. ಇಂಥ ಮನೆಯ ರೋಗಿಗೆ ಬಾಳಿನ ಅತೃಪ್ತಿಯಿದ್ದರೆ ಅದು ಮನೋದೌರ್ಬಲ್ಯವಲ್ಲ, ಪರಿಸ್ಥಿತಿಯ ಸರಿಯಾದ ಗ್ರಹಿಕೆ.

ಕಳಂಕವೂ ಇಂಥದೇ ಬಾಹ್ಯಕಾರಣ. ಕುಷ್ಠರೋಗಕ್ಕೆ ಹಲವು ಔಷಧಗಳ ಸಂಯುಕ್ತ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ೧೯೮೧ರಲ್ಲಿ ಶಿಫಾರಸು ಮಾಡಿದ ಮೇಲೆ ಆ ರೋಗ ಸಂಪೂರ್ಣವಾಗಿ ಗುಣವಾಗತಕ್ಕದ್ದಾಯಿತು. ಆದರೂ ೧೮೯೮ರ ಕುಷ್ಠರೋಗಿಗಳ ಕಾಯಿದೆ ರದ್ದಾದದ್ದು ೨೦೧೬ರಲ್ಲಿ. ವಿವಾಹವಿಚ್ಛೇದನಕ್ಕೆ ಕುಷ್ಠವು ಒಂದು ಕಾರಣವೆಂಬ ವಿಧಿ ನಮ್ಮ ವೈಯಕ್ತಿಕ ಕಾನೂನುಗಳಿಂದ ತೆಗೆದುಹಾಕಲ್ಪಟ್ಟದ್ದು ೨೦೧೯ರಲ್ಲಿ. ದೇಹ ಗುಣವಾದ ಮೇಲೂ ದಶಕಗಳ ಕಾಲ ಕಾನೂನು ಅವರನ್ನು ರೋಗಿಗಳೆಂದೇ ಕಂಡಿತು. ರೋಗ ಹೋದರೂ ಹೆಸರು ಹೋಗದ ಮನುಷ್ಯನಿಗೆ ಸ್ವಸಾಮರ್ಥ್ಯದ ಉಪದೇಶ ಮಾತ್ರ ಸಾಲದು.

೯. ನಮ್ಮಲ್ಲಿ ನಡೆಯಬೇಕಾದ ಅಧ್ಯಯನ

ಮೇಲೆ ಉದಾಹರಿಸಿದ ಸಂಶೋಧನೆಗಳ ಬಹುಭಾಗ ಪಾಶ್ಚಾತ್ಯ ದೇಶಗಳದು. ನಮ್ಮಲ್ಲಿಯೂ ಕೆಲಸ ನಡೆಯದೆ ಇಲ್ಲ. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಅಜಿತ್ ದಲಾಲ್ ಮತ್ತು ಸಂಗಡಿಗರು ೧೯೮೦ರ ದಶಕದಿಂದ, ಆಸ್ಪತ್ರೆಯ ರೋಗಿಗಳು ತಮ್ಮ ಕಷ್ಟಕ್ಕೆ ಕರ್ಮ, ದೈವೇಚ್ಛೆ ಮುಂತಾದ ಯಾವ ಕಾರಣಗಳನ್ನು ಕಲ್ಪಿಸುತ್ತಾರೆಂಬುದನ್ನು ಪರಿಶೀಲಿಸಿದರು. ಕಾರಣದ ನಂಬಿಕೆ ಬೇರೆ, ನಿಯಂತ್ರಣದ ನಂಬಿಕೆ ಬೇರೆ ಎಂಬ ಭೇದ ಇಲ್ಲಿ ಉಪಯುಕ್ತ. ರೋಗ ಬಂದದ್ದು ಪೂರ್ವಕರ್ಮದಿಂದ ಎನ್ನುವವನೇ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ನುಂಗುವುದನ್ನು ನಾವು ಕಾಣುತ್ತೇವೆ. ಸೆಲ್ ಮತ್ತು ನಾಗಪಾಲ್ ಅವರು ೧೯೯೨ರಲ್ಲಿ ಪ್ರಕಟಿಸಿದ ೪೦ ಪ್ರಶ್ನೆಗಳ ಮಾಪನದಲ್ಲಿ ಕುಟುಂಬದ ಆಸರೆ, ಲೌಕಿಕವನ್ನು ಮೀರಿದ ಅನುಭವ ಮುಂತಾದ ಅಂಶಗಳಿಗೂ ಎಡೆ ದೊರೆತಿದೆ.

ಕನ್ನಡದಲ್ಲಿ ಈ ಅಳತೆಗಳನ್ನು ಬಳಸುವವರು ಮಾತಿನ ಮೇಲೆಯೇ ಮೊದಲು ಗಮನವಿಡಬೇಕು. ‘ತೃಪ್ತಿ’ ಎಂಬುದು ನಮ್ಮಲ್ಲಿ ಊಟದ ಎಲೆಯ ಮುಂದೆಯೂ ಬರುವ ಮಾತು, ಸದ್ಗುಣಗಳ ಪಟ್ಟಿಯಲ್ಲಿಯೂ ಬರುವ ಮಾತು. ಇದ್ದುದರಲ್ಲಿ ತೃಪ್ತಿಯಿಂದಿರಬೇಕೆಂದು ಚಿಕ್ಕಂದಿನಿಂದ ಕೇಳಿದವರಿಗೆ ‘ನನಗೆ ತೃಪ್ತಿಯಿಲ್ಲ’ ಎನ್ನುವುದು ಕೃತಘ್ನತೆಯಂತೆ ತೋರುತ್ತದೆ. ‘ಸುಖ’ ದೇಹದ ಕಡೆಗೆ ವಾಲುತ್ತದೆ. ‘ನೆಮ್ಮದಿ’ ಉಪದ್ರವವಿಲ್ಲದಿರುವುದನ್ನು ಹೇಳುತ್ತದೆ. ‘ಸಮಾಧಾನ’ ನಷ್ಟವಾದ ಮೇಲೆ ತಂದುಕೊಳ್ಳುವಂಥದು. ‘ಏನೋ, ದೇವರು ಇಟ್ಟ ಹಾಗೆ ಇದ್ದೇವೆ’ ಎಂಬ ಉತ್ತರಕ್ಕೆ ಏಳರಲ್ಲಿ ಯಾವ ಅಂಕವನ್ನು ಹಾಕಬೇಕು? ಉತ್ತರಿಸಿದವರು ‘ಇದ್ದೇನೆ’ ಎನ್ನದೆ ‘ಇದ್ದೇವೆ’ ಎಂದುದೂ ಗಮನಾರ್ಹ. ಮನೆಯ ಪಾಡನ್ನು ಬಿಟ್ಟು ತಮ್ಮ ಪಾಡನ್ನು ಪ್ರತ್ಯೇಕವಾಗಿ ತೂಗುವ ಅಭ್ಯಾಸ ಅವರಿಗಿರಲಾರದು. ಮೇಲಾಗಿ, ಹಾಸಿಗೆಯ ಮೇಲಿರುವವರನ್ನು ಕೇಳಿದ ಪ್ರಶ್ನೆಗೆ ಪಕ್ಕದಲ್ಲಿ ನಿಂತ ಮಗನೋ ಗಂಡನೋ ಉತ್ತರ ಕೊಡುವುದು ನಮ್ಮ ಆಸ್ಪತ್ರೆಗಳಲ್ಲಿ ಅಪರೂಪವಲ್ಲ. ಅದನ್ನು ರೋಗಿಯ ಉತ್ತರವೆಂದು ಬರೆದುಕೊಂಡರೆ ಒಳಗಿನವರ ನೋಟದ ಬದಲು ಹೊರಗಿನವರ ನೋಟವೇ ನಮ್ಮ ಅಂಕಿಅಂಶಗಳಲ್ಲಿ ಸೇರುತ್ತದೆ. ಯಾವ ತಪ್ಪನ್ನು ತಿದ್ದಲು ಈ ಶಾಸ್ತ್ರ ಹುಟ್ಟಿತೋ ಅದೇ ತಪ್ಪು ಶಾಸ್ತ್ರದ ಹೆಸರಿನಲ್ಲಿ ಉಳಿಯುತ್ತದೆ.

೧೦. ಉಪಸಂಹಾರ

ಇದುವರೆಗಿನ ವಿಚಾರದಿಂದ ಫಲಿಸುವ ಮಾತುಗಳು ಕೆಲವೇ. ವ್ಯಾಧಿಯ ತೀವ್ರತೆಯಿಂದ ಬಾಳಿನ ತೃಪ್ತಿಯನ್ನು ಲೆಕ್ಕಹಾಕಿ ತೆಗೆಯಲಾಗದು. ಅರ್ಥಕಲ್ಪನೆ, ಸ್ವಸಾಮರ್ಥ್ಯದ ನಂಬಿಕೆ, ಯುಕ್ತವಾದ ಆಶೆ ಇವು ಹೊಂದಿಕೆಗೆ ಸಹಾಯಕ. ಖಿನ್ನತೆ ಅದಕ್ಕೆ ಅಡ್ಡಿ, ಆದರೆ ನಿವಾರಿಸಬಹುದಾದ ಅಡ್ಡಿ. ಹಣದ ಮುಗ್ಗಟ್ಟು, ಕಳಂಕ, ದೂರದ ಆಸ್ಪತ್ರೆ ಇವನ್ನು ರೋಗಿಯ ಮನೋಬಲಕ್ಕೆ ಒಪ್ಪಿಸಿ ಸಮಾಜವು ಕೈತೊಳೆದುಕೊಳ್ಳತಕ್ಕದ್ದಲ್ಲ. ಹೊಂದಿಕೊಂಡವರನ್ನು ಕಂಡು ಸೌಲಭ್ಯಗಳನ್ನು ಕಡಿಮೆಮಾಡುವುದೂ, ಹೊಂದಿಕೊಳ್ಳಲಾರದವರನ್ನು ಕಂಡು ಹೀನವಾಗಿ ನುಡಿಯುವುದೂ ಸಮಾನವಾದ ಅನ್ಯಾಯಗಳು.

ಮುಂದೆ ಈ ಕ್ಷೇತ್ರದಲ್ಲಿ ಕೆಲಸಮಾಡಲಿರುವ ವಿದ್ಯಾರ್ಥಿಗಳಿಗೆ ವಿಧಾನದ ಒಂದು ಸಣ್ಣ ಸೂಚನೆಯಿಂದ ಈ ಲೇಖನವನ್ನು ಮುಗಿಸಬಹುದು. ವಾರ್ಡಿಗೆ ಹೋದಾಗ ಪ್ರಶ್ನಾವಳಿಯನ್ನು ತೆರೆಯುವ ಮುನ್ನ, ಜೊತೆಯಲ್ಲಿರುವವರನ್ನು ವಿನಯದಿಂದ ಸ್ವಲ್ಪ ಹೊತ್ತು ಹೊರಗಿರುವಂತೆ ಕೇಳಿಕೊಳ್ಳಬೇಕು. ಅನಂತರ ರೋಗಿಯ ಹತ್ತಿರ ಕುಳಿತು ಪ್ರಶ್ನಿಸಿ, ಉತ್ತರ ಬರುವವರೆಗೂ ಕಾಯಬೇಕು.